ಬದಲಿ ಆಳಿನಿಂದ ಪತ್ರಿಕೆ ನಡೆದೀತೇ?

ಪತ್ರಿಕೆಗಳ ಧಣಿಗಳ ಬಾಯಲ್ಲಿ ಈಚೆಗೆ ಒಂದು ಹೊಸ ಮಂತ್ರ ಕೇಳಿಬರುತ್ತಿದೆ. "ಸಂಬಳದ ಬರಹಗಾರರು ಏತಕ್ಕೆ? ಬರೆಯಬಲ್ಲ ಕೈಗಳು ಊರೂರಲ್ಲಿ ಬೇಕಾದಷ್ಟಿವೆ. ಬರೆದುದನ್ನು ಕಳಿಸಲಿ, ಹಿಡಿಸಿದರೆ ಅಚ್ಚು ಹಾಕುತ್ತೇವೆ, ಅಚ್ಚಾದುದಕ್ಕೆ ಇಷ್ಟೆಂದು ಕೊಡುತ್ತೇವೆ. ಅವರಿಗೆ ಸ್ವಾತಂತ್ರ್ಯ, ನಮಗೆ ಖರ್ಚು ಕಡಿಮೆ." ಇದೇ ಆ ಮಂತ್ರ. ಇದಕ್ಕೆ ಫ್ರೀಲಾನ್ಸ್ ಎಂಬ ಚೆಂದದ ಹೆಸರಿದೆ. ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಇದೇ ಆಳನ್ನು ಸ್ಟ್ರಿಂಗರ್ ಎನ್ನುತ್ತಾರೆ, ಬಿಡಿ ಸುದ್ದಿಗಾರ ಎನ್ನುತ್ತಾರೆ. ಗಿರಣಿಯ ಕಾರ್ಮಿಕರಿಗೆ ಮಾತ್ರ ಈತನ ನಿಜವಾದ ಹೆಸರು ಗೊತ್ತು. ಆ ಹೆಸರು ಬದಲಿ.

ಬದಲಿ ಎಂದರೆ ಯಾರೆಂದು ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾಳಿಯ ಸಿಳ್ಳು ಕೂಗುವ ಮುಂಚೆ ಗೇಟಿನ ಬಳಿ ಬುತ್ತಿ ಹಿಡಿದು ನಿಲ್ಲುವವನು. ಖಾಯಂ ಕೆಲಸಗಾರ ಬಾರದಿದ್ದರೆ ಒಳಕ್ಕೆ, ಬಂದರೆ ಮನೆಗೆ. ಕೆಲಸ ಅದೇ, ಯಂತ್ರ ಅದೇ, ಕೈ ಸಿಕ್ಕಿಕೊಂಡರೆ ಹರಿಯುವ ರಕ್ತವೂ ಅದೇ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಇಲ್ಲ. 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಿದಾಗ, ಬದಲಿಗಳನ್ನು ಖಾಯಂ ಮಾಡಿ ಎಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಗಿರಣಿಯ ಧಣಿಗಳಿಂದ ಪತ್ರಿಕೆಯ ಧಣಿಗಳು ಕಲಿತ ಪಾಠವೊಂದಿದ್ದರೆ ಅದು ಇದು: ಹೆಸರು ಪುಸ್ತಕಕ್ಕೆ ಏರದಿದ್ದರೆ ಹೊಣೆಯೂ ತಲೆಗೆ ಏರುವುದಿಲ್ಲ.

"ಇದು ಪತ್ರಕರ್ತರ ಹೊಟ್ಟೆಪಾಡಿನ ಜಗಳ, ನಮಗೇನು?" ಎಂದು ಕೇಳುವವರಿದ್ದಾರೆ. ಹಾಗೆ ಕೇಳಬೇಡಿ. ಪತ್ರಿಕೆಯಲ್ಲಿ ಏನು ಬರುತ್ತದೆ ಎನ್ನುವುದಕ್ಕಿಂತ ಏನು ಬರುವುದಿಲ್ಲ ಎನ್ನುವುದು ನಿಮ್ಮ ಪಾಲಿಗೆ ದೊಡ್ಡ ಪ್ರಶ್ನೆ. ಬಾರದ ಸುದ್ದಿ ಏತಕ್ಕೆ ಬಾರದಾಯಿತು ಎಂದು ಹುಡುಕುತ್ತ ಹೋದರೆ ನೀವು ಬಂದು ನಿಲ್ಲುವುದು ಈ ಬದಲಿ ಆಳಿನ ಮನೆಯ ಬಾಗಿಲಿಗೇ.

ವ್ಯಾಪಾರಸ್ಥ ಮಿತ್ರರಿಗೆ ಒಂದು ಮಾತು. ನಿಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿದ್ದಾನೆ. ಮಾರುಕಟ್ಟೆಯಲ್ಲಿ ದಲ್ಲಾಳಿಯಿದ್ದಾನೆ. ಇಬ್ಬರೂ ಬೇಕಾದವರೇ. ಆದರೆ ಗುಮಾಸ್ತನಿಗೆ ಸಂಬಳ ಉಳಿಯುತ್ತದೆಂದು ದಲ್ಲಾಳಿಯ ಕೈಗೆ ನಿಮ್ಮ ಖಾತೆ ಪುಸ್ತಕ ಕೊಡುತ್ತೀರಾ? ಕೊಡುವುದಿಲ್ಲ. ದಲ್ಲಾಳಿ ಕೆಟ್ಟವನೆಂದಲ್ಲ, ವ್ಯವಹಾರ ಕುದುರಿದರೆ ಮಾತ್ರ ಅವನ ಹೊಟ್ಟೆ ತುಂಬುತ್ತದೆ, ಆದುದರಿಂದ ಅವನ ಲೆಕ್ಕ ವ್ಯವಹಾರದ ಕಡೆಗೆ ವಾಲುತ್ತದೆ. ಪತ್ರಿಕೆ ಎಂಬುದು ಊರಿನ ಖಾತೆ ಪುಸ್ತಕ. ಅದನ್ನು ಇಂದು ಕಮೀಷನ್ನಿನ ಕೈಗೆ ಕೊಡುತ್ತಿದ್ದಾರೆ.

ಇದು ಬರಿಯ ಮಾತಲ್ಲ. ಪ್ರೆಸ್ ಕೌನ್ಸಿಲ್ಲಿನ ಉಪಸಮಿತಿಯೊಂದು 2010ರಲ್ಲಿ ಕಾಸಿಗಾಗಿ ಸುದ್ದಿ ಅಚ್ಚು ಹಾಕುವ ಪಿಡುಗನ್ನು ಕುರಿತು ವರದಿ ಸಿದ್ಧಪಡಿಸಿತು. ಊರುಗಳ ಸುದ್ದಿಗಾರರನ್ನೇ ಜಾಹೀರಾತು ತರುವ ಏಜೆಂಟರನ್ನಾಗಿ ಮಾಡಿ ಕಮೀಷನ್ ಕೊಡುವ ಪದ್ಧತಿಯನ್ನು ಆ ವರದಿ ಎತ್ತಿ ತೋರಿಸಿತು. ವರದಿ ಇಲ್ಲದೆಯೂ ಇದು ನಿಮಗೆ ಗೊತ್ತು. ಯುಗಾದಿ ಬಂದರೆ, ದೀಪಾವಳಿ ಬಂದರೆ, ಮಂತ್ರಿಗಳ ಹುಟ್ಟುಹಬ್ಬ ಬಂದರೆ ನಿಮ್ಮ ಗಲ್ಲಾಪೆಟ್ಟಿಗೆಯ ಮುಂದೆ ವಿಶೇಷ ಪುರವಣಿಯ ರಸೀದಿ ಪುಸ್ತಕ ಹಿಡಿದು ನಿಲ್ಲುವವನು ಯಾರು? ನೆನ್ನೆ ನಿಮ್ಮ ಬೀದಿಯ ಚರಂಡಿಯ ಸುದ್ದಿ ಬರೆದವನೇ! ನೀವು ಮನಸ್ಸಿಲ್ಲದೆ ಕೊಡುತ್ತೀರಿ, ಅವನು ನಾಚಿಕೆಯಿಂದ ಪಡೆಯುತ್ತಾನೆ. ಇಬ್ಬರ ಮಾನವನ್ನೂ ಹರಾಜು ಹಾಕಿ ಲಾಭ ಎಣಿಸುವವನು ಮೂರನೆಯವನು, ರಾಜಧಾನಿಯಲ್ಲಿ ಕುಳಿತವನು.

ನಾನು ಹೊರಗೆ ನಿಂತು ಈ ಮಾತು ಆಡುತ್ತಿಲ್ಲ. ಮೇಷ್ಟರ ಕೆಲಸದಲ್ಲಿದ್ದಾಗ ನಾನೂ ಒಂದು ದಿನಪತ್ರಿಕೆಗೆ ಬಿಡಿ ಸುದ್ದಿಗಾರನಾಗಿದ್ದೆ. ಮೆಟ್ರಿಕ್ಕಿನಾಚೆ ಓದದ ನನಗೆ ನನ್ನ ಸಾಲುಗಳು ಅಚ್ಚಿನಲ್ಲಿ ಕಾಣುವುದೇ ದೊಡ್ಡ ಸಂಗತಿ. ಸುದ್ದಿಗೆ ಇಷ್ಟೆಂದು ಕೊಡುತ್ತಿದ್ದರು. ಬಸ್ಸಿನ ಚಾರ್ಜು ಕಳೆದರೆ ಟೀ ಕುಡಿಯಲು ಉಳಿಯುತ್ತಿತ್ತು. ಉಳಿದ ಸಂಪಾದನೆ ಜಾಹೀರಾತಿನ ಕಮೀಷನ್ನಿನಿಂದ ಆಗಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಕೊರಳಲ್ಲಿ ಪತ್ರಿಕೆಯ ಗುರುತಿನ ಚೀಟಿ ಇತ್ತು.

ಒಂದು ದಿನ ರಾತ್ರಿ ಪಾಳಿಯಲ್ಲಿ ಒಂದು ಗಿರಣಿಯ ಹುಡುಗನ ಮೂರು ಬೆರಳು ಯಂತ್ರಕ್ಕೆ ಹೋದವು. ಅವನು ನನ್ನ ಹಳೆಯ ವಿದ್ಯಾರ್ಥಿ. ನಾನೇ ಅವನಿಗೆ ಅಕ್ಷರ ತಿದ್ದಿಸಿದ್ದೆ, ಆ ಬೆರಳುಗಳನ್ನು ಹಿಡಿದು. ಯಂತ್ರಕ್ಕೆ ಇರಬೇಕಾದ ಕಾವಲು ತಗಡು ಇರಲಿಲ್ಲವೆಂದು ಜೊತೆಗಾರರು ಹೇಳಿದರು. ಹನ್ನೆರಡು ಸಾಲು ಬರೆದು ಕಳಿಸಿದೆ. ಬರಲಿಲ್ಲ. ಮೂರನೆಯ ದಿನ ಫೋನು ಮಾಡಿದೆ. ಕಚೇರಿಯಲ್ಲಿದ್ದವರು ಒಳ್ಳೆಯ ಮನುಷ್ಯರೇ, ಸಮಾಧಾನದಿಂದ ಹೇಳಿದರು: "ಮೇಷ್ಟ್ರೇ, ಅವರು ವರ್ಷಕ್ಕೆ ಮೂರು ಸಲ ಜಾಹೀರಾತು ಕೊಡೋರು. ಅದರ ಕಮೀಷನ್ ನಿಮಗೂ ಬಂದಿದೆಯಲ್ಲ, ಮರೆತಿರಾ?"

ನಾನು ಮರೆತಿರಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಆದರೆ ಬಂಧುಗಳೇ, ನಾನು ಹೇಳಬೇಕಾದದ್ದು ಅದಲ್ಲ. ಕೆಲವು ತಿಂಗಳ ಮೇಲೆ ಅದೇ ಗಿರಣಿಯಲ್ಲಿ ಇನ್ನೊಂದು ಅಪಘಾತವಾಯಿತು. ಆ ಸಲ ಯಾರೂ ನನ್ನ ಸುದ್ದಿಯನ್ನು ತಡೆಯಲಿಲ್ಲ. ನಾನೇ ಬರೆಯಲಿಲ್ಲ. ಬರೆದರೆ ಬಾರದು, ಬಾರದಿದ್ದರೆ ಕಾಸಿಲ್ಲ, ಜೊತೆಗೆ ಮುಂದಿನ ಪುರವಣಿಯ ಜಾಹೀರಾತೂ ಹೋದೀತು ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಪತ್ರಿಕೆಯ ಧಣಿ ಒಂದು ಮಾತೂ ಆಡಬೇಕಾಗಲಿಲ್ಲ. ಬಿಡಿ ಆಳಿನ ಸ್ವಾತಂತ್ರ್ಯವೆಂದರೆ ಇದು! ಆ ವರ್ಷವೇ ಗುರುತಿನ ಚೀಟಿಯನ್ನು ಹಿಂದಿರುಗಿಸಿದೆ.

ಈಗ ಎದುರಾಳಿಗಳ ವಾದವನ್ನು ಕೇಳೋಣ. "ಜಗತ್ತನ್ನೇ ನಡುಗಿಸಿದ ಸುದ್ದಿ ತಂದವರು ಫ್ರೀಲಾನ್ಸ್ ಬರಹಗಾರರಲ್ಲವೇ?" ಎನ್ನುತ್ತಾರೆ. ಅಮೆರಿಕದ ಸೀಮೋರ್ ಹರ್ಷ್ ಅವರ ಹೆಸರು ಹೇಳುತ್ತಾರೆ. ನಿಜ. 1968ರ ಮಾರ್ಚಿಯಲ್ಲಿ ವಿಯೆಟ್ನಾಮಿನ ಮೈ ಲಾಯ್ ಎಂಬ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ಹೆಂಗಸರು ಮಕ್ಕಳೆನ್ನದೆ ನೂರಾರು ಜನರನ್ನು ಕೊಂದರು. ಒಂದೂವರೆ ವರ್ಷಕ್ಕೂ ಮೇಲೆ ಅದು ಮುಚ್ಚಿಹೋಗಿತ್ತು. 1969ರ ನವೆಂಬರಿನಲ್ಲಿ ಅದನ್ನು ಬಯಲಿಗೆಳೆದ ಹರ್ಷ್ ಆಗ ಯಾವ ಪತ್ರಿಕೆಯ ಸಂಬಳದಲ್ಲಿಯೂ ಇರಲಿಲ್ಲ.

ಆದರೆ ಕತೆಯ ಮಿಕ್ಕ ಭಾಗವನ್ನು ಈ ಮಹನೀಯರು ಹೇಳುವುದಿಲ್ಲ. ಹರ್ಷ್ ಸುದ್ದಿಯ ಕಸುಬು ಕಲಿತದ್ದೆಲ್ಲಿ? ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯಲ್ಲಿ. ಅಲ್ಲಿ ಸಂಬಳದ ವರದಿಗಾರನಾಗಿ ಅಮೆರಿಕದ ಸೇನಾ ಕಚೇರಿಯ ಮೊಗಸಾಲೆಗಳಲ್ಲಿ ತಿರುಗಿ, ಯಾರು ಸುಳ್ಳು ಹೇಳುತ್ತಾರೆ, ಯಾರು ನಿಜ ಹೇಳುತ್ತಾರೆಂದು ತಿಳಿದುಕೊಂಡಿದ್ದರು. ಮೈ ಲಾಯ್ ಸುದ್ದಿಯ ಬೆನ್ನುಹತ್ತಿ ಊರಿಂದೂರಿಗೆ ಓಡಾಡಲು ಅವರಿಗೆ ಒಂದು ನಿಧಿಯಿಂದ ಹಣ ಸಿಕ್ಕಿತು. ಬರೆದ ಮೇಲೆ ಲೈಫ್, ಲುಕ್ ಎಂಬ ದೊಡ್ಡ ಪತ್ರಿಕೆಗಳು ಬೇಡವೆಂದವು. ಕೊನೆಗೆ ಒಂದು ಪುಟ್ಟ ಸುದ್ದಿಸಂಸ್ಥೆಯ ಮೂಲಕ ಮೂವತ್ತಕ್ಕೂ ಹೆಚ್ಚು ದಿನಪತ್ರಿಕೆಗಳು ಅದನ್ನು ಕೊಂಡು ಅಚ್ಚು ಹಾಕಿದವು. ಆ ಪತ್ರಿಕೆಗಳಲ್ಲಿ ಆ ರಾತ್ರಿ ಕುಳಿತು, ಇದನ್ನು ಹಾಕಬಹುದೇ ಬಾರದೇ ಎಂದು ತೂಗಿ ನೋಡಿದವರು ಸಂಬಳದ ಸಂಪಾದಕರು. 1972ರಲ್ಲಿ ಹರ್ಷ್ ತಾವೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ನೌಕರಿಗೆ ಸೇರಿದರು. ಬಾವಿ ತೋಡಿದ್ದು ಒಬ್ಬನೇ ಇರಬಹುದು. ಅವನ ಕೈಗೆ ಗುದ್ದಲಿ ಕೊಟ್ಟವರು, ನೀರನ್ನು ಊರಿಗೆ ಹರಿಸಿದವರು ಬೇರೆ ಇದ್ದರು.

ಅದೇ 1972ರಲ್ಲಿ ವಾಷಿಂಗ್ಟನ್ನಿನಲ್ಲಿ ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿದರು. ವಾಷಿಂಗ್ಟನ್ ಪೋಸ್ಟಿನ ಬಾಬ್ ವುಡ್‌ವರ್ಡ್, ಕಾರ್ಲ್ ಬರ್ನ್‌ಸ್ಟೀನ್ ಎಂಬಿಬ್ಬರು ಸಂಬಳದ ನಗರ ವರದಿಗಾರರು ಅದರ ಜಾಡು ಹಿಡಿದರು. 1974ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡುವ ತನಕ ಎರಡು ವರ್ಷ ಕಳೆದಿತ್ತು. ತಟ್ಟಿದ ಬಾಗಿಲು ತೆರೆಯದ ದಿನಗಳೂ ಆ ಎರಡು ವರ್ಷದಲ್ಲಿದ್ದವು. ಆ ದಿನಗಳಿಗೂ ಸಂಬಳವಿತ್ತು. ಅಚ್ಚಾದ ಸಾಲಿಗೆ ಇಷ್ಟೆಂಬ ಲೆಕ್ಕವಿದ್ದಿದ್ದರೆ ಅವರು ಆ ಬಾಗಿಲುಗಳನ್ನು ಎಷ್ಟು ಸಲ ತಟ್ಟುತ್ತಿದ್ದರು?

ಅಮೆರಿಕದ ಮಾತು ಸಾಕು. ನಮ್ಮ ದೇಶದ ಭೋಪಾಲಕ್ಕೆ ಬರೋಣ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರಿನಲ್ಲಿ ವಿಷಾನಿಲ ತಗುಲಿ ಒಬ್ಬ ಕಾರ್ಮಿಕ ಸತ್ತ. ರಾಜಕುಮಾರ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತರು 'ರಪಟ್' ಎಂಬ ತಮ್ಮ ಪುಟ್ಟ ವಾರಪತ್ರಿಕೆಯನ್ನು ನಡೆಸುತ್ತಿದ್ದರು. ತಿಂಗಳುಗಟ್ಟಲೆ ಕಾಗದಪತ್ರ ಕಲೆಹಾಕಿ 1982ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದಾದ ಮೇಲೊಂದು ಲೇಖನ ಬರೆದರು. ಈ ಊರನ್ನು ಉಳಿಸಿ ಎಂದು ಬೇಡಿದರು. ಭೋಪಾಲ ಜ್ವಾಲಾಮುಖಿಯ ಬಾಯಲ್ಲಿ ಕುಳಿತಿದೆ ಎಂದು ಎಚ್ಚರಿಸಿದರು. ಯಾರೂ ಕಿವಿಗೊಡಲಿಲ್ಲ. 1984ರ ಜೂನಿನಲ್ಲಿ 'ಜನಸತ್ತಾ'ದಲ್ಲಿ ಮತ್ತೊಮ್ಮೆ ಬರೆದರು. ಆಗಲೂ ಸರಕಾರ ಕದಲಲಿಲ್ಲ. ಅದೇ ವರ್ಷ ಡಿಸೆಂಬರ್ 2ರ ರಾತ್ರಿ ಅನಿಲ ಹೊರಬಿತ್ತು. ಸಾವಿರಾರು ಬಡವರು ಮಲಗಿದ್ದಲ್ಲಿ, ಓಡುತ್ತಿದ್ದ ಬೀದಿಯಲ್ಲಿ ಸತ್ತರು.

ಕೇಸ್ವಾನಿಯವರು 2021ರಲ್ಲಿ ತೀರಿಕೊಂಡರು. ಅವರನ್ನು ದೇಶವೆಲ್ಲ ಹೊಗಳಿತು. ನಾನೂ ಕೈಮುಗಿಯುತ್ತೇನೆ. ಆದರೆ ಆ ಹೊಗಳಿಕೆಯಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡಲಾಗಿದೆ. ಆ ಎರಡು ವರ್ಷ ದೊಡ್ಡ ಪತ್ರಿಕೆಗಳ ಸಂಬಳದ ವರದಿಗಾರರಲ್ಲಿ ಒಬ್ಬನನ್ನಾದರೂ, ದಿನವೂ ಆ ಕಾರ್ಖಾನೆಯ ಗೇಟಿಗೆ ಹೋಗು, ಒಳಗೆ ಏನಾಗುತ್ತಿದೆ ನೋಡಿಕೊಂಡು ಬಾ ಎಂದು ಕಳಿಸಿದ್ದರೆ? ಒಬ್ಬಂಟಿ ಮನುಷ್ಯ ಒಂದು ಸಲ ಕೂಗಬಲ್ಲ, ಮೂರು ಸಲ ಕೂಗಬಲ್ಲ. ನಾಲ್ಕನೆಯ ಸಲ ಅವನಿಗೆ ಮನೆಬಾಡಿಗೆ ಕಟ್ಟಬೇಕಾಗುತ್ತದೆ. ಅಧಿಕಾರದಲ್ಲಿರುವವರು ಒಂದು ಲೇಖನಕ್ಕೆ ಹೆದರುವುದಿಲ್ಲ. ಲೇಖನ ಬಂದ ಮಾರನೆಯ ದಿನವೂ, ಅದರ ಮರುದಿನವೂ ಅದೇ ಪ್ರಶ್ನೆ ಹಿಡಿದು ಬಾಗಿಲಿಗೆ ಬಂದು ನಿಲ್ಲುವವನಿಗೆ ಹೆದರುತ್ತಾರೆ. ಸಂಬಳ ಕೊಟ್ಟು ಪತ್ರಿಕೆ ಕೊಳ್ಳುವುದು ಬರಹವನ್ನಲ್ಲ, ಈ ಮರುದಿನವನ್ನು.

ಇನ್ನು ಪ್ರಾಣದ ಮಾತು. ಛತ್ತೀಸಗಡದ ಬಸ್ತರಿನಲ್ಲಿ ಸುದ್ದಿ ಬರೆಯುತ್ತಿದ್ದ ಸಂತೋಷ್ ಯಾದವ್ ಎಂಬ ಬಿಡಿ ಸುದ್ದಿಗಾರನನ್ನು 2015ರ ಸೆಪ್ಟೆಂಬರಿನಲ್ಲಿ ಪೊಲೀಸರು ಹಿಡಿದರು. ಇವನು ಪತ್ರಕರ್ತನೇ ಹೌದೇ ಎಂಬುದೇ ಮೊದಲ ಪ್ರಶ್ನೆಯಾಯಿತು! ನೇಮಕದ ಪತ್ರವಿಲ್ಲದವನು ಏನೆಂದು ತೋರಿಸಬೇಕು? 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಜಾಮೀನು ಕೊಡುವ ತನಕ ಸೆರೆಮನೆಯಲ್ಲಿದ್ದ. 2020ರ ಜನವರಿಯಲ್ಲಿ ನಿರ್ದೋಷಿ ಎಂದು ಬಿಡುಗಡೆಯಾದ. ಅದೇ ಸೀಮೆಯ ಬಿಜಾಪುರದಲ್ಲಿ (ಇದು ನಮ್ಮ ವಿಜಾಪುರವಲ್ಲ, ಛತ್ತೀಸಗಡದ್ದು) ಮುಕೇಶ್ ಚಂದ್ರಾಕರ್ ಎಂಬ ತರುಣನಿದ್ದ. ಟಿ.ವಿ. ವಾಹಿನಿಗೆ ಬಿಡಿ ಸುದ್ದಿ ಕೊಡುತ್ತ, ಯೂಟ್ಯೂಬಿನಲ್ಲಿ ತನ್ನದೇ ವಾಹಿನಿ ನಡೆಸುತ್ತಿದ್ದ. ಒಂದು ರಸ್ತೆಯ ಕಾಮಗಾರಿಯ ಅವ್ಯವಹಾರ ಬಯಲಿಗೆ ಬಂತು. 2025ರ ಜನವರಿ 1ರ ರಾತ್ರಿ ಆತ ಕಾಣೆಯಾದ. 3ನೆಯ ತಾರೀಖು ಗುತ್ತಿಗೆದಾರನ ಜಾಗದ ಶೌಚಗುಂಡಿಯಲ್ಲಿ ಶವ ಸಿಕ್ಕಿತು. ಗುಂಡಿಯ ಮೇಲೆ ಹೊಸದಾಗಿ ಸಿಮೆಂಟು ಹಾಕಿದ್ದರು. ಸಂಬಳದ ವರದಿಗಾರರನ್ನು ಕೊಲ್ಲುವುದೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಹಿಂದೆ ಸಂಸ್ಥೆಯಿಲ್ಲದವನ, ವಕೀಲನಿಲ್ಲದವನ, ವಿಮೆಯಿಲ್ಲದವನ ಮೇಲೆ ಕೈಯೆತ್ತುವುದು ಸುಲಭವೆಂದು ಪ್ರತಿಯೊಬ್ಬ ಪುಂಡನಿಗೂ ಗೊತ್ತು.

ಕಾನೂನು ಏನು ಹೇಳಿತ್ತು? ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದ ಮೊದಲನೆಯ ಪತ್ರಿಕಾ ಆಯೋಗ 1954ರಲ್ಲಿ ವರದಿ ಕೊಟ್ಟಿತು. 1955ರಲ್ಲಿ ಶ್ರಮಜೀವಿ ಪತ್ರಕರ್ತರ ಕಾಯಿದೆ ಬಂತು. ನಾಲ್ಕು ವಾರಕ್ಕೆ 144 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ತೆಗೆದುಹಾಕುವುದಾದರೆ ಸಂಪಾದಕನಿಗೆ ಆರು ತಿಂಗಳ, ಇತರರಿಗೆ ಮೂರು ತಿಂಗಳ ನೋಟೀಸು. ಮೇಲೆ ವೇತನ ಮಂಡಲಿ. ಅರೆಕಾಲಿಕವಾಗಿ ದುಡಿಯುವವರನ್ನೂ ಕಾಯಿದೆ ಪತ್ರಕರ್ತರೆಂದೇ ಎಣಿಸಿತು. ಧಣಿಗಳು ಸುಮ್ಮನಿದ್ದರೇ? ಕೋರ್ಟಿಗೆ ಹೋದರು. ಮೊದಲ ಮಂಡಲಿಯ ತೀರ್ಮಾನ 1958ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಐವತ್ತು ವರ್ಷಕ್ಕೂ ಮೇಲೆ ಅದೇ ನಾಟಕ: ಮಜೀಠಿಯಾ ಮಂಡಲಿಯ ಶಿಫಾರಸುಗಳು 2011ರಲ್ಲಿ ಜಾರಿಯಾದವು, ಮತ್ತೆ ಕೋರ್ಟು. 2014ರ ಫೆಬ್ರುವರಿ 7ರಂದು ಧಣಿಗಳು ಸೋತರು. ಕಂತ್ರಾಟಿನ ನೌಕರರಿಗೂ ಆ ವೇತನ ಸಲ್ಲಬೇಕೆಂದು 2017ರಲ್ಲಿ ಕೋರ್ಟು ಇನ್ನೊಮ್ಮೆ ಹೇಳಿತು.

ಕೋರ್ಟಿನಲ್ಲಿ ಸೋತವರು ಹಿಂಬಾಗಿಲಿನಿಂದ ಗೆದ್ದರು. ನೌಕರನೇ ಇಲ್ಲದಿದ್ದರೆ ವೇತನವೆಲ್ಲಿ, ನೋಟೀಸೆಲ್ಲಿ? ಆದುದರಿಂದಲೇ ಫ್ರೀಲಾನ್ಸ್ ಎಂಬ ಸ್ವಾತಂತ್ರ್ಯದ ಮೇಲೆ ಇವರಿಗೆ ಹಠಾತ್ತನೆ ಪ್ರೀತಿ ಉಕ್ಕಿತು! ಇತ್ತ 2020ರಲ್ಲಿ ಸಂಸತ್ತು ಒಪ್ಪಿದ ಕಾರ್ಮಿಕ ಸಂಹಿತೆಯಲ್ಲಿ ಆ 1955ರ ಕಾಯಿದೆಯನ್ನೇ ಕರಗಿಸಿಬಿಟ್ಟರು. ಗಂಟೆಗಳ ಮಿತಿ ಉಳಿಯಿತು. ಪತ್ರಕರ್ತರದೇ ಆದ ವೇತನ ಮಂಡಲಿ ಹೋಯಿತು.

"ನಷ್ಟದಲ್ಲಿದ್ದೇವೆ, ಜಾಹೀರಾತೆಲ್ಲ ಗೂಗಲ್, ಫೇಸ್‌ಬುಕ್ಕಿನ ಪಾಲಾಯಿತು" ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ, ಇಲ್ಲವೆನ್ನುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಅನೇಕ ಪತ್ರಿಕೆಗಳು ಪುಟ ಇಳಿಸಿದವು, ಜನರನ್ನು ತೆಗೆದವು. ಆದರೆ ನಷ್ಟ ಬಂದಾಗ ಹಿಟ್ಟಿನ ಗಿರಣಿಯವನು ಕಲ್ಲನ್ನೇ ಮಾರಿದರೆ ಬೀಸುವುದು ಏನನ್ನು? ಸುದ್ದಿ ತರುವವನನ್ನು ತೆಗೆದು, ಬಣ್ಣದ ಪುಟ ಉಳಿಸಿಕೊಂಡ ಪತ್ರಿಕೆಯನ್ನು ಓದುಗ ಏತಕ್ಕೆ ಕೊಳ್ಳಬೇಕು? ಅದರಲ್ಲಿ ಇರುವುದೆಲ್ಲ ಅವನ ಫೋನಿಗೆ ಪುಕ್ಕಟೆ ಬರುತ್ತದೆ.

ಕೊನೆಗೆ ನಮ್ಮ ಮೇಲೆಯೇ ಬರುವ ಪ್ರಶ್ನೆ. "ನಿಮ್ಮ ವಾರಪತ್ರಿಕೆಗೆ ಬರೆಯುವವರಿಗೆ ಸಂಬಳವಿದೆಯೇ?" ಇಲ್ಲ. ಈ ಲೇಖನಕ್ಕೂ ಇಲ್ಲ. ನಾವು ನಮ್ಮ ನಂಬಿಕೆಯನ್ನು ಬರೆಯುವವರು, ಅದನ್ನು ಬಚ್ಚಿಟ್ಟಿಲ್ಲ. ಆದರೆ ಮಂಗಳವಾರ ತಾಲ್ಲೂಕು ಕಚೇರಿಯಲ್ಲಿ ಏನಾಯಿತು, ಎ.ಪಿ.ಎಂ.ಸಿ.ಯಲ್ಲಿ ತೂಕ ಸರಿಯಿತ್ತೇ, ಆಸ್ಪತ್ರೆಯಲ್ಲಿ ಔಷಧ ಇತ್ತೇ ಎಂದು ದಿನವೂ ನೋಡಿ ಬರೆಯುವ ಶಕ್ತಿ ನಮಗಿಲ್ಲ. ಪಕ್ಷದ ವಾರಪತ್ರಿಕೆ ದಿನಪತ್ರಿಕೆಯ ಕೆಲಸ ಮಾಡಲಾರದು. ಅದಕ್ಕೇ ದಿನಪತ್ರಿಕೆ ಕೆಟ್ಟರೆ ನಮಗೂ ಕೇಡು. ಹೊರಗಿನವರು ಬರೆಯಬಾರದೆಂದು ನಾನು ಹೇಳುತ್ತಿಲ್ಲ. ರೈತ ಬರೆಯಲಿ, ವೈದ್ಯೆ ಬರೆಯಲಿ, ಮೇಷ್ಟ್ರು ಬರೆಯಲಿ. ಅವರು ಪತ್ರಿಕೆಗೆ ಉಪ್ಪು, ಒಗ್ಗರಣೆ. ಉಪ್ಪು, ಒಗ್ಗರಣೆಯಿಂದ ಊಟವಾಗುವುದಿಲ್ಲ, ಮುದ್ದೆ ಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ವರ್ಷಗಟ್ಟಲೆ ಸುದ್ದಿ ಕೊಡುತ್ತಿರುವ ಪ್ರತಿಯೊಬ್ಬ ಬಿಡಿ ಸುದ್ದಿಗಾರನಿಗೂ ನೇಮಕದ ಪತ್ರ, ತಿಂಗಳ ಸಂಬಳ ಕೊಡತಕ್ಕದ್ದು. ಸುದ್ದಿ ಬರೆಯುವವನ ಕೈಯಲ್ಲಿ ಜಾಹೀರಾತಿನ ರಸೀದಿ ಪುಸ್ತಕ ಇರಕೂಡದು. ನಿಜವಾಗಿಯೂ ಹೊರಗಿನವರಾಗಿ ಬರೆಯುವವರಿಗೆ, ತರಿಸಿಕೊಂಡ ಬರಹ ಅಚ್ಚಾಗಲಿ ಆಗದಿರಲಿ, ದುಡಿಮೆಯ ಹಣ ಸಲ್ಲಬೇಕು. ಸುದ್ದಿಯ ಕಾರಣದಿಂದ ಕೇಸು ಬಿದ್ದರೆ, ಪೆಟ್ಟು ಬಿದ್ದರೆ ಪತ್ರಿಕೆ ಹೊಣೆ ಹೊರಬೇಕು. ಭಾರತದ ಶ್ರಮಜೀವಿ ಪತ್ರಕರ್ತರ ಒಕ್ಕೂಟ 1950ರಲ್ಲಿಯೇ ಹುಟ್ಟಿತು. ಪತ್ರಕರ್ತರ ಸಂಘಗಳು ಬಿಡಿ ಸುದ್ದಿಗಾರರನ್ನು ಹೊಸಿಲಾಚೆ ನಿಲ್ಲಿಸದೆ ಒಳಕ್ಕೆ ಕರೆಯಲಿ. ಖಾಯಂ ಕೆಲಸಗಾರರು ಬದಲಿಗಳನ್ನು ಕೈಬಿಟ್ಟ ಗಿರಣಿಯಲ್ಲಿ ನಾಳೆ ಖಾಯಂ ಕೆಲಸಗಾರರೇ ಉಳಿಯಲಿಲ್ಲ ಎಂಬುದನ್ನು ನಾವು ನೋಡಿದ್ದೇವೆ.

ನೀವೇನು ಮಾಡಬಹುದು? ಕಾರ್ಮಿಕ ಬಂಧುಗಳೇ, ನಿಮ್ಮ ಸಂಘದ ಮುಂದಿನ ಸಭೆಗೆ ಸುದ್ದಿಗಾರ ಬಂದಾಗ, ನಿನಗೆ ನೇಮಕದ ಪತ್ರವಿದೆಯೇ ಎಂದು ಕೇಳಿ. ಇಲ್ಲವೆಂದರೆ ಅವನನ್ನು ಹೀಯಾಳಿಸಬೇಡಿ. ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ಅವನದನ್ನೂ ಸೇರಿಸಿ. ವ್ಯಾಪಾರಸ್ಥ ಮಿತ್ರರೇ, ಮುಂದಿನ ಹಬ್ಬದ ಪುರವಣಿಗೆ ಜಾಹೀರಾತು ಕೇಳಲು ಬಂದರೆ, ಜಾಹೀರಾತು ವಿಭಾಗದವರನ್ನು ಕಳಿಸಪ್ಪಾ, ನೀನು ಸುದ್ದಿ ಬರಿ ಎಂದು ಹೇಳಿ. ಮಾಲಿಕರಿಗೆ ನೂರು ಅಂಗಡಿಗಳಿಂದ ಇದೇ ಉತ್ತರ ಹೋಗಲಿ.

ಆ ಮೂರು ಬೆರಳು ಹೋದ ಹುಡುಗ ಈಗ ಸಂತೆಯಲ್ಲಿ ಬಾಳೆಹಣ್ಣು ಮಾರುತ್ತಾನೆ. ಕಂಡಾಗಲೆಲ್ಲ "ನಮಸ್ಕಾರ ಮೇಷ್ಟ್ರೇ" ಎನ್ನುತ್ತಾನೆ. ಅವನ ಸುದ್ದಿಯನ್ನು ಬರೆದು ಕಳಿಸಿದ್ದೆನೆಂದು ಅವನಿಗೆ ಗೊತ್ತು. ಎರಡನೆಯವನ ಸುದ್ದಿಯನ್ನು ಬರೆಯಲಿಲ್ಲವೆಂದು ಇಂದು ನಿಮಗೆ ಹೇಳಿದ್ದೇನೆ. ಮೂರನೆಯವನ ಸುದ್ದಿ ಬರೆಯುವವನಿಗೆ ನನ್ನ ಗತಿ ಬಾರದಿರಲಿ. ಅದಕ್ಕಾಗಿ ಈ ಹೋರಾಟ.